ತೂಕವೂ ತೇಜಸ್ಸೂ

ವಜ್ರವನ್ನು ಕೊಳ್ಳಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, “ಎಷ್ಟು ಕ್ಯಾರಟ್ಟು?” ಎಂದು. ಕ್ಯಾರಟ್ಟೆಂದರೆ ಒಂದು ಗ್ರಾಮಿನ ಐದನೆಯ ಒಂದು ಪಾಲು. ಅದು ತಕ್ಕಡಿಯ ಮಾತು. ಆದರೆ ಕಿವಿಯಲ್ಲಿರುವ ಓಲೆಯನ್ನು ಕಂಡವರಿಗೆ ಅದರ ತೂಕ ಕಾಣುವುದಿಲ್ಲ; ಅದರ ಅಗಲವೂ ಅದು ಹಿಂದಿರುಗಿಸುವ ಬೆಳಕೂ ಕಾಣುತ್ತವೆ. ಹಣ ತೆರುವುದು ಒಂದಕ್ಕೆ, ಕಣ್ಣಿಗೆ ದೊರೆಯುವುದು ಮತ್ತೊಂದು. ಮಿತವಾದ ಹಣವುಳ್ಳ ಗೃಹಸ್ಥರು ಈ ವ್ಯಾಪಾರದಲ್ಲಿ ಮೊದಲು ತಿಳಿಯಬೇಕಾದ ಮರ್ಮವು ಇದೇ.

ಈ ದೇಶದ ಪೂರ್ವಿಕರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಉತ್ತಮ ವಜ್ರದ ಲಕ್ಷಣಗಳನ್ನು ಹೇಳುವಾಗ ಗಾತ್ರ ತೂಕಗಳೊಡನೆ ಕೋನಗಳ ಸಮತೆಯನ್ನೂ ಹೊಳಪನ್ನೂ ಎಣಿಸಿದೆ. ಆದರೂ ಬಳಕೆಯಲ್ಲಿ ತೂಕದ ಮೋಹವೇ ಗೆದ್ದಿತು. ಹದಿನೇಳನೆಯ ಶತಮಾನದಲ್ಲಿ ಗೋಲ್ಕೊಂಡದ ಗಣಿಗಳನ್ನು ನೋಡಿಹೋದ ಫ್ರೆಂಚ್ ವರ್ತಕ ತಾವೆರ್ನಿಯೆ ಎಂಬಾತನು, ಕಲ್ಲು ಶುದ್ಧವಾಗಿದ್ದರೆ ಇಲ್ಲಿಯ ಸಾಣೆಗಾರರು ತೂಕ ಕಳೆದೀತೆಂಬ ಭಯದಿಂದ ಅದನ್ನು ಮೇಲೆ ಮೇಲೆ ಸವರಿ ಬಿಡುತ್ತಿದ್ದರೆಂದು ಬರೆದಿದ್ದಾನೆ. ಕೋಹಿನೂರಿನ ಕಥೆಯೂ ಇದಕ್ಕೆ ಸಾಕ್ಷಿ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ನೋಡಿದ ಜನರು, ಇಷ್ಟು ಹೆಸರಾದ ಕಲ್ಲಿನಲ್ಲಿ ಇಷ್ಟೇ ಬೆಳಕೇ ಎಂದು ನಿರಾಶರಾದರು. ಮರುವರ್ಷ ಅದನ್ನು ಮತ್ತೆ ಸಾಣೆಗೆ ಕೊಡಲಾಯಿತು. ಈಗಿನ ಲೆಕ್ಕದಲ್ಲಿ ಸುಮಾರು 191 ಕ್ಯಾರಟ್ಟಿದ್ದುದು 105.6 ಕ್ಯಾರಟ್ಟಿಗೆ ಇಳಿಯಿತು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಳೆದುಕೊಂಡ ಮೇಲೆಯೇ ಅದಕ್ಕೆ ತೇಜಸ್ಸು ಬಂದಿತು.

ಸಾಣೆಯಿಂದ ಬೆಳಕು ಹೇಗೆ ಹುಟ್ಟುವುದೆಂಬುದಕ್ಕೆ ಕಾರಣವಿದೆ. ವಜ್ರದೊಳಕ್ಕೆ ಹೊಕ್ಕ ಬೆಳಕು ತಳದ ಪಟ್ಟೆಯನ್ನು ಲಂಬರೇಖೆಯಿಂದ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮುಟ್ಟಿದರೆ ಹೊರಕ್ಕೆ ಹೋಗಲಾರದು. ಕನ್ನಡಿಗೆ ತಾಗಿದಂತೆ ಒಳಗೇ ತಿರುಗಿ ನೋಡುವವರ ಕಣ್ಣಿಗೆ ಬರುತ್ತದೆ. 1919ರಲ್ಲಿ ಮಾರ್ಸೆಲ್ ಟೊಲ್ಕೊವ್ಸ್ಕಿ ಎಂಬ ತರುಣ ಇಂಜಿನಿಯರು ಇದನ್ನು ಗಣಿತಕ್ಕೆ ಒಳಪಡಿಸಿ, ದುಂಡು ವಜ್ರದ ಕೆಳಭಾಗದ ಓರೆ 40.75 ಡಿಗ್ರಿ, ಮೇಲ್ಭಾಗದ ಓರೆ 34.5 ಡಿಗ್ರಿ ಇರಬೇಕೆಂದು ನಿರ್ಣಯಿಸಿದನು. ಈಗಲೂ ಒಳ್ಳೆಯ ಸಾಣೆಯೆಂಬುದು ಈ ಅಳತೆಗಳ ಆಸುಪಾಸಿನಲ್ಲಿಯೇ ಇರುತ್ತದೆ. ತಳವು ಅತಿಯಾಗಿ ಆಳವಾದರೆ ಕಲ್ಲಿನ ನಡುವೆ ಕಪ್ಪು ಕವಿಯುವುದು. ಅತಿಯಾಗಿ ಚಪ್ಪಟೆಯಾದರೆ ಮೀನಿನ ಕಣ್ಣಿನಂತೆ ಬಿಳಿಚಿದ ಬಳೆಯೊಂದು ಕಾಣುವುದು.

ಆಳವಾದ ಕಲ್ಲಿನಲ್ಲಿ ಇನ್ನೊಂದು ನಷ್ಟವೂ ಉಂಟು. ಹಣ ತೆತ್ತ ತೂಕವು ಯಾರಿಗೂ ಕಾಣದ ತಳದಲ್ಲಿ ಅಡಗಿಕೊಳ್ಳುತ್ತದೆ. ಸರಿಯಾಗಿ ಸಾಣೆ ಹಿಡಿದ ಒಂದು ಕ್ಯಾರಟ್ಟಿನ ದುಂಡು ವಜ್ರ ಸುಮಾರು 6.5 ಮಿಲಿಮೀಟರು ಅಗಲವಿರುತ್ತದೆ, 0.9 ಕ್ಯಾರಟ್ಟಿನದು ಸುಮಾರು 6.3. ಆದರೆ ಆಳವಾಗಿ ಉಳಿಸಿದ ಒಂದು ಕ್ಯಾರಟ್ಟಿನ ಕಲ್ಲು 6.1 ಮಿಲಿಮೀಟರೇ ಇರಬಹುದು. ಒಂದು ಕ್ಯಾರಟ್ಟೆಂಬ ಪೂರ್ಣಾಂಕವನ್ನು ಮುಟ್ಟಿದೊಡನೆ ಕ್ಯಾರಟ್ಟಿನ ದರವೇ ಮೇಲಕ್ಕೆ ಹಾರುವುದರಿಂದ, ಹೆಚ್ಚು ತೆತ್ತವರು ಚಿಕ್ಕದಾಗಿ ಕಾಣುವ ಕಲ್ಲನ್ನು ತಂದಂತಾಗುತ್ತದೆ. ಅಗಲವನ್ನು ಎರಡರಷ್ಟು ಮಾಡಬೇಕಾದರೆ ತೂಕ ಎಂಟರಷ್ಟು ಬೇಕೆಂಬುದನ್ನು ನೆನೆದರೆ, ತೂಕದ ಬೆನ್ನು ಹತ್ತಿ ದೊಡ್ಡದನ್ನು ಮುಟ್ಟುವುದು ಸಾಮಾನ್ಯ ಸಂಸಾರಕ್ಕೆ ಆಗದ ಕೆಲಸವೆಂದು ತಿಳಿಯುತ್ತದೆ.

ಈ ಲೆಕ್ಕವು ಸಂಸಾರದಲ್ಲಿ ಹೇಗೆ ಉಪಯೋಗಕ್ಕೆ ಬರುವುದೆಂಬುದಕ್ಕೆ ತಾಂಡವಪುರದ ಒಂದು ಮನೆಯ ಸಂಗತಿಯನ್ನು ಹೇಳಬಹುದು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿರುವ ಈ ಊರಿನಲ್ಲಿ ಉಪಾಧ್ಯಾಯವೃತ್ತಿಯಿಂದ ನಿವೃತ್ತರಾದ ಗೃಹಸ್ಥರೊಬ್ಬರಿದ್ದರು. ಅವರ ಪತ್ನಿಗೆ ಅತ್ತೆಯಿಂದ ಏಳು ಕಲ್ಲಿನ ಓಲೆ ಬಂದಿತ್ತು. ಹಿರಿಯ ಮಗಳ ಓದಿಗೆಂದು ಅದನ್ನು ಒಂದು ವರ್ಷ ಮಾರಬೇಕಾಯಿತು. ಆಕೆ ಅದರ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ನಂಜನಗೂಡಿನ ದೊಡ್ಡ ಜಾತ್ರೆಗೆ ಹೊರಡುವಾಗಲೆಲ್ಲ ಮಗಳು ತಾಯಿಯ ಕಿವಿಯ ಕಡೆ ನೋಡದೆ ಮುಖ ತಿರುಗಿಸುತ್ತಿದ್ದಳು. ಯಜಮಾನರು ತಮ್ಮ ಷಷ್ಟ್ಯಬ್ದಿಯ ವೇಳೆಗೆ ಒಂದು ಮೊತ್ತವನ್ನು ಕೂಡಿಟ್ಟರು. ಅದಕ್ಕೆ ಮೇಲೆ ಒಂದು ಕಾಸನ್ನೂ ಸಾಲ ತರಕೂಡದೆಂದು ಇಬ್ಬರೂ ನಿಶ್ಚಯಿಸಿಕೊಂಡು ಮೈಸೂರಿಗೆ ಹೋದರು.

ಅಂಗಡಿಯಲ್ಲಿ ಅವರಿಗೆ ಮೊದಲು ತೋರಿಸಿದ್ದು ತಲಾ ಒಂದು ಕ್ಯಾರಟ್ಟಿನ ಒಂಟಿಕಲ್ಲಿನ ಓಲೆ. ಕಳೆದದ್ದಕ್ಕಿಂತ ದೊಡ್ಡದನ್ನೇ ಕೊಡಿಸಬೇಕೆಂಬ ಹಟ ಯಜಮಾನರದು. ಕೈಯಲ್ಲಿದ್ದ ಹಣಕ್ಕೆ ಅದು ಮೀರಿದ್ದರೂ ಅವರ ಮನಸ್ಸು ಅಲ್ಲಿಯೇ ನಿಂತಿತು. ಗೃಹಿಣಿಯಾದರೋ ಓಲೆಯನ್ನು ಕೈಯಲ್ಲಿ ಹಿಡಿದು, ಬಾಗಿಲ ಬಳಿಯ ನೆರಳಿನಲ್ಲಿ ನೋಡಬಹುದೇ ಎಂದು ಕೇಳಿದರು. ಅಂಗಡಿಯ ದೀಪಗಳ ಕೆಳಗೆ ಎಲ್ಲ ಕಲ್ಲೂ ಕುಣಿಯುವುದಷ್ಟೆ. ನೆರಳಿಗೆ ಬಂದಾಗ ಆ ಒಂಟಿಕಲ್ಲಿನ ನಡುವೆ ಕತ್ತಲೆ ಕೂತಿತು. ಅದರ ಪ್ರಮಾಣಪತ್ರದಲ್ಲಿ ಅಗಲ 6.1 ಮಿಲಿಮೀಟರೆಂದಿತ್ತು. ಆಮೇಲೆ ತಂದ ಏಳು ಕಲ್ಲಿನ ಓಲೆಯಲ್ಲಿ ಒಂದೊಂದೂ ಹತ್ತನೆಯ ಒಂದು ಕ್ಯಾರಟ್ಟಿನ ಪುಟ್ಟ ಕಲ್ಲು. ನೆರಳಿನಲ್ಲಿಯೂ ಏಳೂ ಎಚ್ಚತ್ತಿದ್ದುವು. ಬೆಲೆಯೋ, ಕೂಡಿಟ್ಟ ಮೊತ್ತದೊಳಗೇ ಇತ್ತು.

ಏಳು ಕಲ್ಲಿನ ಓಲೆಯ ಜಾಣ್ಮೆ ಇಲ್ಲಿದೆ. ಒಂದು ದುಂಡಿನ ಸುತ್ತ ಅದೇ ಅಳತೆಯ ಆರು ದುಂಡುಗಳು ಎಡೆಯಿಲ್ಲದೆ ಕೂರುತ್ತವೆ; ಹೂವಿನ ಅಗಲವು ಒಂದು ಕಲ್ಲಿನ ಮೂರರಷ್ಟಾಗುತ್ತದೆ. ಹತ್ತನೆಯ ಒಂದು ಕ್ಯಾರಟ್ಟಿನ ಕಲ್ಲು ಸುಮಾರು 3 ಮಿಲಿಮೀಟರು; ಓಲೆ ಸುಮಾರು 9. ಒಟ್ಟು ತೂಕ 0.7 ಕ್ಯಾರಟ್ಟು. ಅಷ್ಟೇ ಅಗಲದ ಒಂಟಿಕಲ್ಲಿಗೆ ಎರಡೂವರೆ ಕ್ಯಾರಟ್ಟಿಗೂ ಮಿಕ್ಕಿ ಬೇಕು. ಸಣ್ಣ ಕಲ್ಲುಗಳಿಗೆ ಕ್ಯಾರಟ್ಟಿನ ದರವೂ ಕಡಮೆ. ದಳಗಳ ನಡುವಣ ಸಂದನ್ನು ಕಣ್ಣೇ ತುಂಬಿಕೊಳ್ಳುತ್ತದೆ. ಇದರಲ್ಲಿ ವಂಚನೆಯೇನೂ ಇಲ್ಲ. ಇದ್ದುದನ್ನು ಕಾಣುವ ಕಡೆಗೆ ಇಟ್ಟಿದೆ, ಅಷ್ಟೆ. ಮಗಳು ನಡುಮನೆಯ ಆಚೆಯಿಂದಲೇ ಕಂಡರೆ ಸಾಕೆಂದು ಗೃಹಿಣಿ ಹೇಳಿದ ಮೇಲೆ ಯಜಮಾನರು ಒಂಟಿಕಲ್ಲಿನ ಮಾತನ್ನು ಬಿಟ್ಟರು.

ಹೆಸರುಗಳ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹಳೆಯ ಮನೆತನಗಳಲ್ಲಿ “ಬ್ಲೂ ಜಾಗರ್” ಓಲೆಯೆಂದರೆ ಬಹು ಗೌರವ. ಆ ಹೆಸರು ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯದು. ಅಲ್ಲಿ 1870ರಲ್ಲಿ ವಜ್ರ ದೊರೆಯಿತು, 1971ರಲ್ಲಿ ಗಣಿ ಮುಚ್ಚಿತು. ಈಗ ಆ ಹೆಸರಿನಿಂದ ನೀಲಿ ಛಾಯೆಯನ್ನು ತಿಳಿಯಬೇಕೇ ಹೊರತು ಹುಟ್ಟಿದ ಊರನ್ನಲ್ಲ. ಛಾಯೆ ಅತಿಯಾದ ಕೆಲವು ಕಲ್ಲುಗಳು ಬಿಸಿಲಿನಲ್ಲಿ ಹಾಲು ಬೆರಸಿದಂತೆ ಮಸುಕಾಗುವುದರಿಂದ, ನೆರಳಿನಲ್ಲಿ ನೋಡಿದ್ದನ್ನು ಬಿಸಿಲಿನಲ್ಲಿಯೂ ನೋಡತಕ್ಕದ್ದು. ಇತ್ತೀಚೆಗೆ ಕಾರ್ಖಾನೆಯಲ್ಲಿ ಬೆಳೆಸಿದ ವಜ್ರವೂ ಬಂದಿದೆ. ಅದೂ ಅಪ್ಪಟ ಇಂಗಾಲವೇ. ಬರಿಯ ಕಣ್ಣಿಗೆ ಭೇದ ತಿಳಿಯದು. ಬೆಲೆ ಬಹಳ ಕಡಮೆ. ಮರುಮಾರಾಟದಲ್ಲಿ ಬರುವುದು ಇನ್ನೂ ಕಡಮೆ. ಆಭರಣವನ್ನು ಆಪತ್ತಿನ ಗಂಟೆಂದು ಭಾವಿಸುವ ಮನೆಗಳು ಪ್ರಮಾಣಪತ್ರದಲ್ಲಿ ಇದನ್ನು ಓದಿಕೊಂಡೇ ಹಣ ಕೊಡುವುದು ಕ್ಷೇಮ. ಗಣಿಯ ವಜ್ರವೂ ಮಾರುವಾಗ ಕೊಂಡ ಬೆಲೆಯನ್ನು ಸಾಮಾನ್ಯವಾಗಿ ತಂದುಕೊಡುವುದಿಲ್ಲ. ಆ ಭರವಸೆಗೆ ಚಿನ್ನವೇ ಮೇಲು.

ಕೊಂಡು ತಂದಮೇಲೆಯೂ ಓಲೆ ದೊಡ್ಡದಾಗಿ ಕಾಣುವುದು ಮನೆಯವರ ಕೈಯಲ್ಲಿದೆ. ವಜ್ರಕ್ಕೂ ಜಿಡ್ಡಿಗೂ ಬಲು ಸ್ನೇಹ; ಗಣಿಗಳಲ್ಲಿ ವಜ್ರವನ್ನು ಬೇರೆ ಕಲ್ಲುಗಳಿಂದ ಆರಿಸಲು ಜಿಡ್ಡು ಬಳಿದ ಮೇಜುಗಳನ್ನೇ ಉಪಯೋಗಿಸುತ್ತಿದ್ದರು. ತಲೆಗೆ ಹಚ್ಚಿದ ಎಣ್ಣೆ ಕಲ್ಲಿನ ತಳಕ್ಕೆ ಹಿಡಿದರೆ ಒಳಗೆ ತಿರುಗಬೇಕಾದ ಬೆಳಕು ಸೋರಿಹೋಗುತ್ತದೆ, ಓಲೆ ಕುಗ್ಗಿದಂತಾಗುತ್ತದೆ. ಹಿಂಬದಿ ತೆರೆದ ಕಟ್ಟಡವಾದರೆ ಉಗುರುಬೆಚ್ಚನೆಯ ಅಂಟುವಾಳದ ನೀರಿನಲ್ಲಿ ನೆನೆಯಿಟ್ಟು ಮೃದುವಾದ ಕುಂಚದಿಂದ ಉಜ್ಜಬಹುದು. ತಗಡಿಟ್ಟು ಮುಚ್ಚಿದ ಕಟ್ಟಡವನ್ನು ಮಾತ್ರ ನೆನೆಸಬಾರದು. ಎಣ್ಣೆ ನೀರಿನ ದಿನ ಓಲೆಯನ್ನು ತೆಗೆದಿಡುತ್ತಿದ್ದ ಅಜ್ಜಿಯರಿಗೆ ಡಿಗ್ರಿಗಳ ಗಣಿತ ತಿಳಿದಿರಲಿಲ್ಲ. ಮರುದಿನ ಕಿವಿಯಲ್ಲಿ ಬೆಳಕು ಇರಬೇಕೆಂಬುದು ತಿಳಿದಿತ್ತು.