ಸೌಟಿಗೊಂದು ಕೆಲಸ, ಕೆಲಸಕ್ಕೊಂದು ಸೌಟು

ಆಲೂಗಡ್ಡೆ ಚಿಪ್ಸ್ ಬಡಿಸಲೆಂದೇ ಒಂದು ಬೆಳ್ಳಿ ಸೌಟು! ನ್ಯೂಯಾರ್ಕ್ ರಾಜ್ಯದ ಸರಟೋಗಾ ಊರಿನ ಹೆಸರು ಹೊತ್ತ ಚಿಪ್ಸಿಗೆ ಕೈ ಹಾಕುವುದು ಹತ್ತೊಂಬತ್ತನೇ ಶತಮಾನದ ಅಮೆರಿಕದ ಸಿರಿವಂತರಿಗೆ ಸರಿಬರಲಿಲ್ಲ. ಟೊಮೆಟೊ ಹೋಳಿಗೆ ಚಪ್ಪಟೆ ಜಾಲರಿ: ರಸ ಕೆಳಗೆ ಸೋರಬೇಕು, ಹೋಳು ಮಾತ್ರ ಮೇಲೇಳಬೇಕು. ಸಾರ್ಡೀನ್ ಮೀನಿಗೆ ಗಿಡ್ಡ ಫೋರ್ಕು, ಐಸ್‌ಕ್ರೀಮಿಗೆ ಅಗಲವಾದ ಕತ್ತಿ. ಉಪ್ಪು, ಹುಳಿ ತಾಗಿ ಕಪ್ಪಾಗದಿರಲೆಂದು ಕೆಲವುಗಳ ಬಾಯಿಗೆ ಚಿನ್ನದ ಲೇಪ.

ಈ ಮೋಜಿಗೆ ಕಾರಣ ನೆಲದಡಿಯಲ್ಲಿತ್ತು. 1859ರಲ್ಲಿ ನೆವಾಡಾದ ಕಾಮ್‌ಸ್ಟಾಕ್ ಅದಿರು ಸಿಕ್ಕಮೇಲೆ ಬೆಳ್ಳಿಗೆ ಬರವಿರಲಿಲ್ಲ. ಉಕ್ಕಿನ ಅಚ್ಚಿನಲ್ಲಿ ಒತ್ತಿದರೆ ಹಿಡಿಯ ಮೇಲೆ ಹೂಬಳ್ಳಿ ಮೂಡುತ್ತಿತ್ತು. ರೀಡ್ ಅಂಡ್ ಬಾರ್ಟನ್ ಕಂಪನಿಯವರ 1907ರ ‘ಫ್ರಾನ್ಸಿಸ್ ಫಸ್ಟ್’ ಎಂಬ ಒಂದೇ ವಿನ್ಯಾಸದಲ್ಲಿ ಹಣ್ಣು, ಹೂಗಳ ಗೊಂಚಲು 15 ಬಗೆ.

ಆದರೆ ಗತ್ತಿನಲ್ಲಿ ಗೋರಮ್‌ನವರದೇ ಮೇಲುಗೈ. ಜಬೇಜ್ ಗೋರಮ್ 1831ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಶುರುಮಾಡಿದ ಈ ಕಂಪನಿ, ಫರ್ಬರ್ ಎಂಬ ಒಂದೇ ಕುಟುಂಬಕ್ಕೆ 816 ಸಾಮಾನುಗಳ ಊಟದ ಸೆಟ್ ಮಾಡಿಕೊಟ್ಟಿತು. 1867ರಲ್ಲಿ ಅಮೆರಿಕ ರಷ್ಯಾದಿಂದ ಅಲಾಸ್ಕಾವನ್ನು ಕೊಂಡದ್ದೇ ತಡ, ಗೋರಮ್‌ನ ಕಸುಬುದಾರರು ಐಸ್ ಇಡುವ ಬಟ್ಟಲಿಗೂ ಅಲಾಸ್ಕಾವನ್ನೇ ತಂದರು. 1870ರ ಸುಮಾರಿನ ಆ ಬಟ್ಟಲು ಒರಟೊರಟಾದ ಮಂಜುಬಂಡೆಯಂತಿದೆ. ಮೈತುಂಬ ಬೆಳ್ಳಿಯ ಹಿಮಗಡ್ಡಿಗಳು ಇಳಿಬಿದ್ದಿವೆ, ಎರಡು ತುದಿಗೂ ಒಂದೊಂದು ಹಿಮಕರಡಿ.

ಹಳೆ ಬೆಳ್ಳಿ ಕೈಗೆ ಬಂದಾಗ ಪಳಗಿದ ಸಂಗ್ರಾಹಕರು ಹೂಬಳ್ಳಿಗೆ ಮರುಳಾಗದೆ ಮೊದಲು ಹಿಂಬದಿ ತಿರುಗಿಸುತ್ತಾರೆ. ಸಿಂಹ, ಲಂಗರು, ‘ಜಿ’ ಅಕ್ಷರ ಸಾಲಾಗಿದ್ದರೆ ಗೋರಮ್. ‘ಸ್ಟರ್ಲಿಂಗ್’ ಎಂದಿದ್ದರೆ ಸಾವಿರಕ್ಕೆ 925 ಪಾಲು ಅಪ್ಪಟ ಬೆಳ್ಳಿ. ಆಮೇಲೆ ಹಿಡಿಯ ಮೇಲೆ ಬಾಯಿಂದ ಬಿಸಿಯುಸಿರು ಬಿಡುತ್ತಾರೆ. ಮಬ್ಬು ಕವಿದ ಆ ಕ್ಷಣದಲ್ಲಿ ಬೆಸುಗೆಯ ಗೆರೆ, ಉಜ್ಜಿ ಅಳಿಸಿದ ಹಳೆ ಒಡೆಯರ ಹೆಸರಿನ ಅಕ್ಷರಗಳು ಎದ್ದು ಕಾಣುತ್ತವೆ. ಅಕ್ಷರ ಅಳಿಸಿದ ಕಡೆ ತಗಡು ತೆಳುವಾಗಿರುತ್ತದೆ, ಬೆಲೆಯೂ ಇಳಿಯುತ್ತದೆ. ಅತಿಯಾಗಿ ಪಾಲಿಶ್ ಮಾಡಿದ್ದಕ್ಕೂ ಅದೇ ಗತಿ: ಹೂವಿನ ಎಸಳು ಸವೆದು ಬೋಳಾಗಿರುತ್ತದೆ.

ಕೊನೆಗೆ ಸರ್ಕಾರವೇ ಮೂಗು ತೂರಿಸಿತು. ಒಂದು ವಿನ್ಯಾಸಕ್ಕೆ 55 ಬಗೆಯ ಸಾಮಾನು ಸಾಕು ಎಂದು 1925ರಲ್ಲಿ ಸಲಹೆ ಕೊಟ್ಟವರು ಆಗಿನ ವಾಣಿಜ್ಯ ಸಚಿವ ಹರ್ಬರ್ಟ್ ಹೂವರ್, ತಯಾರಕರೂ ಒಪ್ಪಿಕೊಂಡರು. ಅದಕ್ಕೂ ಹಿಂದಿನ ಚಿತ್ರವಿಚಿತ್ರ ಸೌಟುಗಳಿಗೆ ಈಗ ಬೇಡಿಕೆ. ಕೊಂಡವರಲ್ಲಿ ಕೆಲವರು ಅವನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಇನ್ನು ಕೆಲವರು ಬೇಯಿಸಿದ ಮೊಟ್ಟೆಯನ್ನು ಟೊಮೆಟೊ ಜಾಲರಿಯಲ್ಲೇ ಧಾರಾಳವಾಗಿ ಬಡಿಸುತ್ತಾರೆ.