ಬಿಸಿಲು ಬಿದ್ದ ಕಡೆ ಹಳದಿ, ನೆರಳು ಬಿದ್ದ ಕಡೆ ಹಸಿರು

ಪಕ್ಕದ ತೋಟದವರು ಮೊನ್ನೆ ಕೇಳಿದ್ರು, ಹಳದಿ ತಿರುಗಿರೋ ಮರಗಳಿಗೆ ಇನ್ನೊಂದಿಷ್ಟು ಯೂರಿಯಾ ಕೊಡೋದಾ, ಇಲ್ಲ ಕಡಿದು ಹೊಸ ಸಸಿ ಇಡೋದಾ ಅಂತ. ನಲವತ್ತು ವರ್ಷದ ಮರಗಳು. ಕಡಿಯೋಕೆ ಅರ್ಧ ಗಂಟೆ ಸಾಕು. ಮೊದಲು ಕೆಳಗಿನ ಒಂದು ಹಳೇ ಗರಿ ಎಳೆದು ನೋಡಿ ಅಂದೆ.

ನೋಡಿದ್ರೆ, ಮೇಲಿನ ಗರಿ ಮುಚ್ಚಿಕೊಂಡಿದ್ದ ಜಾಗ ಹಸಿರು, ಬಿಸಿಲಿಗೆ ಬಿದ್ದ ಜಾಗ ಹಳದಿ. ಕೈಗಡಿಯಾರ ಬಿಚ್ಚಿದಾಗ ಮಣಿಕಟ್ಟಲ್ಲಿ ಕಾಣುತ್ತಲ್ಲ, ಹಾಗೆ. ಸುಳಿ ಹತ್ತಿರದ ಗರಿಗಳು ಚೆನ್ನಾಗೇ ಇದ್ವು. ಇದು ಮೆಗ್ನೀಷಿಯಂ ಕೊರತೆಯ ಗುರುತು. ಯೂರಿಯಾ ಇದಕ್ಕೆ ಮದ್ದಲ್ಲ.

ಬಿಸಿಲಿಗೂ ಮೆಗ್ನೀಷಿಯಂಗೂ ಏನು ಸಂಬಂಧ? ಎಲೆಗೆ ಬಿಸಿಲು ಊಟ ಸರಿ, ಆದ್ರೆ ಮಟಮಟ ಮಧ್ಯಾಹ್ನ ಬರೋದನ್ನೆಲ್ಲ ಎಲೆ ಉಣ್ಣಲಾರದು. ಹಸಿರು ಬಣ್ಣದ ಕ್ಲೋರೋಫಿಲ್‌ಗೆ ಸಾಕು ಅನ್ನೋದು ಗೊತ್ತಿಲ್ಲ, ಹಿಡೀತಾನೇ ಇರುತ್ತೆ. ಮಿಕ್ಕ ಶಕ್ತಿ ಆಮ್ಲಜನಕಕ್ಕೆ ತಗುಲಿದ್ರೆ ಎಲೆ ಒಳಗಿಂದಲೇ ಸುಡುತ್ತೆ. ಅದನ್ನು ತಡೆಯೋಕೇ ಕ್ಯಾರೋಟಿನಾಯ್ಡ್ ಅನ್ನೋ ಹಳದಿ ಬಣ್ಣಗಳು ಹಸಿರಿನ ಜೊತೆಗೇ ಇರ್ತವೆ. ಬಿಸಿಲು ಏರಿದ ಕೆಲವೇ ನಿಮಿಷದಲ್ಲಿ ಅವುಗಳಲ್ಲಿ ವಯೋಲಾಕ್ಸಾಂಥಿನ್ ಅನ್ನೋದು ಜಿಯಾಕ್ಸಾಂಥಿನ್ ಆಗಿ ಬದಲಾಗಿ, ಹೆಚ್ಚಾದ ಶಕ್ತಿಯನ್ನು ಬರೀ ಶಾಖವಾಗಿ ಹೊರಗೆ ಹಾಕೋಕೆ ನೆರವಾಗುತ್ತೆ. ಬೆಳಕು ಇಳಿದ ಮೇಲೆ ಮತ್ತೆ ಮೊದಲಿನ ಹಾಗೆ. ದಿನಾ ಇದೇ ಕೆಲಸ. (ಮಾವಿನ ಚಿಗುರು ಕೆಂಪಗಿರೋದು ಬೇರೆ ಬಣ್ಣ, ಆಂಥೋಸಯಾನಿನ್. ಅದೂ ಎಳೆ ಎಲೆಗೆ ಕೊಡೆ ಹಿಡಿದ ಹಾಗೇನೇ.)

ಮೆಗ್ನೀಷಿಯಂ ಕಮ್ಮಿಯಾದ್ರೆ ಎಲೆ ಮಾಡಿದ ಸಕ್ಕರೆ ಹೊರಗೆ ಸಾಗಲ್ಲ. ಗೋಡೌನ್ ತುಂಬಿದ ಮಿಲ್ ಥರ ಕೆಲಸ ಕಟ್ಟಿಕೊಳ್ಳುತ್ತೆ. ಆಗ ಮಾಮೂಲಿ ಬಿಸಿಲೂ ಜಾಸ್ತೀನೇ, ಕಾವಲಿಗಿದ್ದ ಬಣ್ಣಗಳು ಸಾಲಲ್ಲ. ಹಸಿರು ಸುಟ್ಟು ಹೋಗುತ್ತೆ, ಹಳದಿ ಉಳಿಯುತ್ತೆ. ನಾವು ರೋಗ ಅಂದುಕೊಳ್ಳೋ ಆ ಹಳದಿ ಅಂದ್ರೆ ಕೊನೇವರೆಗೂ ನಿಂತ ಕಾವಲುಗಾರ.

ಫಲ ಬಿಡೋ ಮರಕ್ಕೆ ವರ್ಷಕ್ಕೆ 500 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, ತೇವ ಇದ್ದಾಗ ಪಾತಿಗೆ. ಪೊಟ್ಯಾಷ್ ಒಂದನ್ನೇ ಸುರಿದ್ರೆ ಬೇರು ಮೆಗ್ನೀಷಿಯಂ ತಗೊಳ್ಳೋದು ಇನ್ನೂ ಕಮ್ಮಿ ಆಗುತ್ತೆ, ಎರಡೂ ಹದವಾಗಿರಲಿ. ಮಣ್ಣು ಪರೀಕ್ಷೆ ಮಾಡಿಸಿದ್ರೆ ಒಳ್ಳೇದು, ಕೊನೇಹಳ್ಳಿ ಕೆವಿಕೆಯಲ್ಲಿ ವಿಚಾರಿಸಿ. ಹಳದಿ ಗರಿಗಳನ್ನ ಕೀಳಬೇಡಿ. ಅದರಲ್ಲಿ ಉಳಿದ ಮೆಗ್ನೀಷಿಯಂ ಅನ್ನೇ ಮರ ಹೊಸ ಗರಿಗೆ ಸಾಗಿಸ್ತಿರುತ್ತೆ. ಅವು ಮತ್ತೆ ಹಸಿರಾಗಲ್ಲ, ಮುಂದೆ ಬರೋ ಗರಿ ನೋಡ್ತಾ ಇರಿ.

ನೆರಳಿನ ನರ್ಸರಿಯಿಂದ ತಂದ ಸಸಿಗೂ ಇದೇ ಕಷ್ಟ. ಅದರ ಎಲೆಗೆ ಬಯಲಿನ ಬಿಸಿಲಿಗೆ ಬೇಕಾದಷ್ಟು ಕಾವಲು ಇನ್ನೂ ಬಂದಿರಲ್ಲ. ಮೊದಲ ಎರಡು ಬೇಸಿಗೆ ಹೆಣೆದ ಗರಿ ಮರೆ ಕಟ್ಟಿ, ಪಡುವಣ ಕಡೆ ತಪ್ಪದೆ.

ಮರ ಪೂರಾ ಸೊರಗಿ, ಬುಡದಿಂದ ಕಂದು ರಸ ಸೋರ್ತಿದ್ರೆ ಅದು ಅಣಬೆ ರೋಗ ಇರಬಹುದು. ಆಗ ಮೆಗ್ನೀಷಿಯಂ ನಂಬಿ ಕೂರಬೇಡಿ, ಬೇಗ ತೋರಿಸಿ.