ಘಟ್ಟ ಹತ್ತಿದ ಗಾಡಿಯ ಉಸಿರು

ನಾನು ಶಿವಮೊಗ್ಗದಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವನು. ಬಸವನಹುಳುವಿನ ಚಿಪ್ಪಿನಂತೆ ಕಾಣುವ ಟರ್ಬೊವನ್ನು ಎಷ್ಟೋ ಸಲ ಬಿಚ್ಚಿ ಜೋಡಿಸಿದ್ದೇನೆ. ಅದರ ನಿಜವಾದ ಬೆಲೆ ಕಣ್ಣಿಗೆ ಕಂಡದ್ದು ಮಾತ್ರ ಮಗ, ಸೊಸೆ, ಮೊಮ್ಮಗಳ ಜೊತೆ ಲಡಾಖಿಗೆ ಹೋದಾಗ.

ಲೇಹ್ ಪಟ್ಟಣ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲೇರುವ ಖರ್ದುಂಗ್ ಲಾ ಘಟ್ಟದ ನೆತ್ತಿ 5,359 ಮೀಟರ್. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇಕಡ 21ರಷ್ಟೇ. ಆದರೆ ಗಾಳಿಯೇ ತೆಳು.

ನಾವು ಎರಡು ಬಾಡಿಗೆ ಗಾಡಿಗಳಲ್ಲಿ ಹೊರಟಿದ್ದೆವು. ಮಗನ ಸ್ನೇಹಿತರಿದ್ದ ಪೆಟ್ರೋಲ್ ಗಾಡಿಗೆ ಟರ್ಬೊ ಇರಲಿಲ್ಲ. ಏರು ಕಡಿದಾದಂತೆ ಅದು ಒಂದನೇ ಗೇರಿಗೆ ಇಳಿದು ತೆವಳತೊಡಗಿತು. ನಮ್ಮ ಡೀಸೆಲ್ ಗಾಡಿ ಸಲೀಸಾಗಿ ಹತ್ತುತ್ತಿತ್ತು.

“ಅವರ ಗಾಡಿಗೆ ಏನಾಯ್ತು ತಾತ? ಪೆಟ್ರೋಲ್ ಕಮ್ಮಿ ಇದೆಯಾ?” ಎಂದಳು ಮೊಮ್ಮಗಳು.

“ಪೆಟ್ರೋಲ್ ಇದೆ ಪುಟ್ಟಿ, ಅದನ್ನು ಉರಿಸೋಕೆ ಗಾಳಿ ಸಾಲದು. ಕಮ್ಮಾರರ ಕುಲುಮೆಗೆ ತಿದಿ ಒತ್ತಿದ ಹಾಗೆ ನಮ್ಮ ಗಾಡಿಗೆ ಟರ್ಬೊ ಗಾಳಿ ಒತ್ತುತ್ತೆ” ಎಂದೆ.

ಮಕ್ಕಳೇ, ಸೈಲೆನ್ಸರಿನಿಂದ ಸುಮ್ಮನೆ ಹೊರಹೋಗುವ ಬಿಸಿ ಹೊಗೆಯೇ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ತೆಳು ಗಾಳಿಯನ್ನು ಎಳೆದು, ಚೀಲಕ್ಕೆ ಹತ್ತಿ ತುರುಕಿದಂತೆ ಎಂಜಿನ್ನಿಗೆ ಒತ್ತಿ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಚಕ್ರಗಳಿವು!

1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ಒಂದು ವಿಮಾನದ ಎಂಜಿನ್ನನ್ನು ಸುಮಾರು 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಬೆಟ್ಟಕ್ಕೆ ಲಾರಿಯಲ್ಲಿ ಸಾಗಿಸಿ ಪರೀಕ್ಷಿಸಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದಾಗ 356 ಕೊಟ್ಟಿತು!

ಹಾಗೆಂದು ಟರ್ಬೊಗೆ ಮಿತಿಯೇ ಇಲ್ಲವೆಂದಲ್ಲ. ತಿರುವಿನಲ್ಲಿ ವೇಗ ಇಳಿದರೆ ಹೊಗೆಯ ಒತ್ತಡ ಕಡಿಮೆಯಾಗಿ ಚಕ್ರ ನಿಧಾನಿಸುತ್ತದೆ. ಮತ್ತೆ ಚುರುಕಾಗಲು ಅದಕ್ಕೆ ತುಸು ಹೊತ್ತು ಬೇಕು. ಅದಕ್ಕೇ ನಮ್ಮ ಡ್ರೈವರ್ ಪ್ರತಿ ತಿರುವಿಗೂ ಮೊದಲೇ ಗೇರು ಇಳಿಸುತ್ತಿದ್ದರು.

ನೆತ್ತಿ ತಲುಪಿದಾಗ ಗಾಡಿ ಗಟ್ಟಿಯಾಗಿಯೇ ಇತ್ತು. ಮೊಮ್ಮಗಳು ಮಾತ್ರ ಹಣೆ ಹಿಡಿದುಕೊಂಡು, “ತಲೆನೋವು ತಾತ, ವಾಂತಿ ಬರೋ ಹಾಗಿದೆ” ಎಂದಳು. ಲೇಹ್‌ನಲ್ಲಿ ಎರಡು ದಿನ ವಿಶ್ರಾಂತಿ ಪಡೆದೇ ಹೊರಟಿದ್ದೆವು. ಆದರೂ ಅವಳ ಮೈಗೆ ಆ ಎತ್ತರ ಹೆಚ್ಚಾಗಿತ್ತು. ಮಗ ಫೋಟೊಗೆಂದು ಕ್ಯಾಮೆರಾ ತೆಗೆಯುತ್ತಿದ್ದ. “ಫೋಟೊ ಬೇಡ, ಮೊದಲು ಕೆಳಗೆ ಹೋಗೋಣ” ಎಂದೆ. ಇಳಿಯುತ್ತಾ ಹೋದಂತೆ ಅವಳ ಮುಖಕ್ಕೆ ಕಳೆ ಬಂತು. ಲೇಹ್ ಹತ್ತಿರವಾಗುವಷ್ಟರಲ್ಲಿ ಬಿಸ್ಕತ್ತು ಕೇಳಿದಳು.

ತೆಳು ಗಾಳಿಗೆ ಒಗ್ಗಲು ನಮ್ಮ ಮೈಗೆ ದಿನಗಳೇ ಬೇಕು. ಬೆಟ್ಟಕ್ಕೆ ಹೋಗುವ ಅಜ್ಜ-ಅಜ್ಜಿಯರೇ, ಮಕ್ಕಳೇ, ಗಾಡಿ ಹತ್ತುತ್ತದೆಂದು ಅವಸರ ಮಾಡಬೇಡಿ. ಯಾರಿಗಾದರೂ ತಲೆನೋವು, ವಾಕರಿಕೆ ಶುರುವಾದರೆ ಮುಚ್ಚಿಡದೆ ಹೇಳಿ, ತಡಮಾಡದೆ ಕೆಳಗಿಳಿಯಿರಿ.